ಬ್ಯಾಡಗಿಯ ಕಿರ್ದಿ ಪುಸ್ತಕ: ಎಡಿಟ್ ಬಟನ್ ಇಲ್ಲದ ಡೇಟಾಬೇಸ್

ನಾವು ಎರಡನೇ ವರ್ಷದ ಮೂರು ಜನ. ಡಿಬಿಎಂಎಸ್ ಮಿನಿ ಪ್ರಾಜೆಕ್ಟ್‌ಗೆ ಕ್ಲಾಸಿನ ಅರ್ಧ ಜನ ಲೈಬ್ರರಿ ಮ್ಯಾನೇಜ್‌ಮೆಂಟ್, ಇನ್ನರ್ಧ ಹಾಸ್ಟೆಲ್ ಮ್ಯಾನೇಜ್‌ಮೆಂಟ್ ತಗೊಂಡಾಗ, ನಾವು ಸ್ವಲ್ಪ ಬೇರೆ ಮಾಡೋಣ ಅಂತ ಬ್ಯಾಡಗಿಗೆ ಹೊರಟೆವು. ನಮ್ಮಲ್ಲಿ ಒಬ್ಬನ ಸೋದರಮಾವನದು ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕ ಇನ್ನೂ ಪುಸ್ತಕದಲ್ಲೇ ಇದೆ ಅಂತ ಕೇಳಿದ್ದೆವು. "ಅದನ್ನ ಆ್ಯಪ್ ಮಾಡಿಕೊಟ್ಟುಬಿಡೋಣ, ಎರಡು ದಿನದ ಕೆಲಸ" ಅಂದುಕೊಂಡಿದ್ದೆವು.

ಎರಡು ದಿನದಲ್ಲಿ ಆ್ಯಪ್ ಆಯ್ತು, ಮೂರನೇ ದಿನ ಅದು ತಪ್ಪು ಅಂತ ಗೊತ್ತಾಯ್ತು. ಏನು ತಪ್ಪು, ಯಾಕೆ ತಪ್ಪು ಅನ್ನೋದೇ ಈ ಲೇಖನ. ನಾವು ಮೂವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಜಮಾ, ಖರ್ಚು, ಶಿಲ್ಕು ಅನ್ನೋ ಪದಗಳನ್ನ ಅಲ್ಲೇ ಕಲಿತದ್ದು. ಹಾಗಾಗಿ ಮೊದಲಿನಿಂದ ಹೇಳ್ತೀವಿ.

ಅಂಗಡಿಯ ಒಂದು ದಿನ

ಹಾವೇರಿ ಜಿಲ್ಲೆಯ ಬ್ಯಾಡಗಿ ಚಿಕ್ಕ ಊರು. ಆದರೆ ಮೆಣಸಿನಕಾಯಿ ಲೋಕದಲ್ಲಿ ದೊಡ್ಡ ಹೆಸರು. ಇಲ್ಲಿನ ಕಾಯಿ ಖಾರ ಕಡಿಮೆ, ಬಣ್ಣ ಜಾಸ್ತಿ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಅದರಿಂದ ತೆಗೆಯೋ ಬಣ್ಣದ ಎಣ್ಣೆ ಆಹಾರಕ್ಕೂ ಹೋಗುತ್ತೆ, ಲಿಪ್‌ಸ್ಟಿಕ್‌ಗೂ ಹೋಗುತ್ತೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಾರುಕಟ್ಟೆಗೆ ಬರೋ ಮಾಲು ಹಾವೇರಿಯದು ಮಾತ್ರ ಅಲ್ಲ. ಗದಗ, ಧಾರವಾಡ, ಬಳ್ಳಾರಿ, ರಾಯಚೂರು ಕಡೆಯಿಂದಲೂ ಬರುತ್ತೆ, ಆಂಧ್ರದಿಂದಲೂ ಲಾರಿಗಳು ಬರುತ್ತವೆ.

ವಾರದಲ್ಲಿ ಸೋಮವಾರ, ಗುರುವಾರ ದೊಡ್ಡ ವ್ಯಾಪಾರ. ನಾವು ಹೋದದ್ದು ಫೆಬ್ರವರಿಯ ಒಂದು ಗುರುವಾರ. ಬಸ್‌ಸ್ಟ್ಯಾಂಡಿನಲ್ಲಿ ಇಳಿಯೋ ಮೊದಲೇ ಸೀನು ಶುರು. ರೈತ ತನ್ನ ಚೀಲಗಳನ್ನ ಒಬ್ಬ ದಲಾಲರ ಅಂಗಡಿ ಮುಂದೆ ಇಳಿಸ್ತಾನೆ. ಪ್ರತಿ ರೈತನ ಮಾಲಿಗೂ ಒಂದು ಲಾಟ್ ನಂಬರ್. ಖರೀದಿದಾರರು ಅಂಗಡಿಯಿಂದ ಅಂಗಡಿಗೆ ಓಡಾಡಿ ಕಾಯಿ ಮುರಿದು ನೋಡ್ತಾರೆ, ಬಣ್ಣ ನೋಡ್ತಾರೆ, ಕೈಯಲ್ಲಿ ಹಿಂಡಿ ತೇವ ಎಷ್ಟಿದೆ ಅಂತ ಅಂದಾಜು ಮಾಡ್ತಾರೆ. ಆಮೇಲೆ ಟೆಂಡರ್. ಹಿಂದೆ ಚೀಟಿಯಲ್ಲಿ ದರ ಬರೆದು ಹಾಕ್ತಿದ್ದರಂತೆ, ಈಗ ಕಂಪ್ಯೂಟರಿನಲ್ಲಿ ಹಾಕ್ತಾರೆ. ಹೆಚ್ಚು ದರ ಹಾಕಿದವರಿಗೆ ಲಾಟ್. ದರ ಗೊತ್ತಾದ ಮೇಲೆ ಹಮಾಲರು ತೂಕ ಮಾಡ್ತಾರೆ. ಎಣಿಸುವಾಗ "ಒಂದು" ಅನ್ನೋದಿಲ್ಲ, "ಲಾಭ" ಅಂತಾರೆ. ಲಾಭ, ಎರಡು, ಮೂರು… ಪ್ರೋಗ್ರಾಮರ್‌ಗಳು ಸೊನ್ನೆಯಿಂದ ಎಣಿಸಿದ ಹಾಗೆ ವ್ಯಾಪಾರಿಗಳು ಲಾಭದಿಂದ ಎಣಿಸ್ತಾರೆ ಅಂತ ನಾವು ನಕ್ಕೆವು.

ತೂಕ ಆದಮೇಲೆ ಅಂಗಡಿಯಲ್ಲಿ ಪಟ್ಟಿ ಆಗುತ್ತೆ. ಪಟ್ಟಿ ಅಂದರೆ ರೈತನ ಕೈಗೆ ಕೊಡೋ ಲೆಕ್ಕದ ಚೀಟಿ: ಎಷ್ಟು ಚೀಲ, ಎಷ್ಟು ತೂಕ, ಏನು ದರ, ಮೊದಲೇ ತಗೊಂಡ ಹಣ ಎಷ್ಟು ಮುರಿದರು, ಕೈಗೆ ಎಷ್ಟು ಬಂತು. ಈ ಪಟ್ಟಿಯ ಹಿಂದೆ ಎರಡು ಪುಸ್ತಕ ಇರುತ್ತವೆ.

ಕಿರ್ದಿ ಮತ್ತು ಖಾತೆ

ಮೊದಲನೆಯದು ಕಿರ್ದಿ. ದಿನದ ಪುಸ್ತಕ. ಅಂಗಡಿಯಲ್ಲಿ ಏನೇ ನಡೆದರೂ ನಡೆದ ಕ್ರಮದಲ್ಲೇ ಇದರಲ್ಲಿ ಬೀಳಬೇಕು. ಎಡಕ್ಕೆ ಜಮಾ, ಅಂದರೆ ಬಂದದ್ದು. ಬಲಕ್ಕೆ ಖರ್ಚು, ಅಂದರೆ ಹೋದದ್ದು. ಸಂಜೆ ಎರಡೂ ಕೂಡಿಸಿ, ಉಳಿದ ರೊಕ್ಕವನ್ನ ಶಿಲ್ಕು ಅಂತ ಬರೆಯೋದು. ಪುಸ್ತಕದ ಶಿಲ್ಕೂ ಗಲ್ಲಾ ಪೆಟ್ಟಿಗೆಯ ರೊಕ್ಕವೂ ಒಂದೇ ಆಗದಿದ್ದರೆ ಆ ದಿನ ಮನೆಗೆ ಹೋಗೋ ಹಾಗಿಲ್ಲ.

ಎರಡನೆಯದು ಖಾತೆ ಪುಸ್ತಕ. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಕಿರ್ದಿಯಲ್ಲಿ ದಿನದ ಪ್ರಕಾರ ಇರೋದನ್ನ ಇಲ್ಲಿ ಹೆಸರಿನ ಪ್ರಕಾರ ಎತ್ತಿ ಬರೀತಾರೆ. ಪ್ರತಿ ಸಾಲಿನ ಪಕ್ಕ ಅದು ಕಿರ್ದಿಯ ಯಾವ ಪುಟದಿಂದ ಬಂತು ಅನ್ನೋ ನಂಬರ್. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕಿರ್ದಿ ಲಾಗ್, ಖಾತೆ ಇಂಡೆಕ್ಸ್, ಪುಟದ ನಂಬರ್ ಫಾರಿನ್ ಕೀ.

ಇದು ನಮ್ಮಲ್ಲಿ ಮಾತ್ರ ಇರೋ ವ್ಯವಸ್ಥೆ ಅಲ್ಲ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ಅನ್ನೋ ಗಣಿತಜ್ಞ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅಲ್ಲಿನ ವ್ಯಾಪಾರಿಗಳ ಜಮಾ-ಖರ್ಚಿನ ಪದ್ಧತಿ ವಿವರವಾಗಿ ಇದೆ. ಅಮೆರಿಕದ ಹಳೆಯ ಕಾಲದ ಹಳ್ಳಿ ಅಂಗಡಿಯವರೂ ದಿನದ ಪುಸ್ತಕ, ಖಾತೆ ಪುಸ್ತಕ ಅಂತ ಎರಡನ್ನೂ ಇಡ್ತಿದ್ದರು. ರೈತ ವರ್ಷವಿಡೀ ಉಪ್ಪು, ಬಟ್ಟೆ, ಮೊಳೆ ಉದ್ದರಿ ಒಯ್ಯೋದು, ಸುಗ್ಗಿ ಆದಮೇಲೆ ಧಾನ್ಯ, ಬೆಣ್ಣೆ ತಂದು ತೀರಿಸೋದು. ಕೈಯಲ್ಲಿ ರೊಕ್ಕ ಕಡಿಮೆ, ಬೆಳೆ ಬರೋದು ವರ್ಷಕ್ಕೊಮ್ಮೆ. ಅಂಥ ಕಡೆ ಎಲ್ಲೇ ಆದರೂ ವ್ಯಾಪಾರ ನಡೆಯೋದು ಪುಸ್ತಕದ ಮೇಲೆ.

ಒಂದು ಲೆಕ್ಕ ಮಾಡಿ ನೋಡೋಣ

ಅಂಗಡಿಯಲ್ಲಿ ಕಂಡ ಒಂದು ಖಾತೆಯನ್ನೇ ತಗೊಳ್ಳೋಣ. ಹೆಸರು ಬಿಟ್ಟು, ಅಂಕಿ ಸರಳ ಮಾಡಿದ್ದೀವಿ. ಕಮಿಷನ್, ಹಮಾಲಿ ಸದ್ಯಕ್ಕೆ ಬೇಡ. ಅಂಗಡಿಯ ಶಿಲ್ಕು 1,00,000 ರೂಪಾಯಿ ಅಂತ ಇಟ್ಟುಕೊಳ್ಳಿ.

ಜೂನ್‌ನಲ್ಲಿ ರೈತ ಬೀಜ, ಗೊಬ್ಬರಕ್ಕೆ ಅಂತ 15,000 ಮುಂಗಡ ಒಯ್ದ. ಎಂಟು ದಿನ ಬಿಟ್ಟು ಅದೇ ಖಾತೆಗೆ ಇನ್ನೂ 5,000 ಹೋಯ್ತು. ಎರಡೂ ಕಿರ್ದಿಯಲ್ಲಿ ಖರ್ಚಿನ ಬದಿ. ಶಿಲ್ಕು 80,000.

ಫೆಬ್ರವರಿಯಲ್ಲಿ ಅವನ ಮಾಲು ಬಂತು. ತೂಕ 4 ಕ್ವಿಂಟಲ್, ದರ 18,000. ಒಟ್ಟು 72,000. ಈಗ ಕಿರ್ದಿಯಲ್ಲಿ ಎರಡು ನಮೂದು: ರೈತನ ಖಾತೆಗೆ 72,000 ಜಮಾ, ಖರೀದಿದಾರರ ಖಾತೆಗೆ 72,000 ಖರ್ಚು. ರೊಕ್ಕ ಇನ್ನೂ ಅಲ್ಲಾಡಿಲ್ಲ.

ಆಮೇಲೆ ರೈತನಿಗೆ 52,000 ಕೊಟ್ಟರು. ಶಿಲ್ಕು 28,000. ರೈತನ ಖಾತೆಯಲ್ಲಿ ಒಂದು ಬದಿ 72,000, ಇನ್ನೊಂದು ಬದಿ 15,000 + 5,000 + 52,000 = 72,000. ಖಾತೆ ಚುಕ್ತಾ. ಮುಂದೆ ಖರೀದಿದಾರರು 72,000 ಕಟ್ಟಿದಾಗ ಅವರ ಖಾತೆಯೂ ಚುಕ್ತಾ, ಶಿಲ್ಕು ಮತ್ತೆ 1,00,000.

ರೊಕ್ಕ ಹೊರಟಲ್ಲಿಗೇ ಬಂತು. ಹಾಗಾದರೆ ದಲಾಲರು ಮಾಡಿದ್ದು ಏನು? ಜೂನ್‌ನಿಂದ ಫೆಬ್ರವರಿವರೆಗೆ ಅವರ ರೊಕ್ಕ ಹೊಲದಲ್ಲಿತ್ತು. ಕೊನೆಯಲ್ಲಿ ಖರೀದಿದಾರರಿಂದ ಬರೋ ಮೊದಲೇ ರೈತನಿಗೆ ಕೊಟ್ಟರು. ಅಂದರೆ ದಲಾಲರು ಮಾಲು ಮಾರಿಸಿ ಕೊಡೋದರ ಜೊತೆಗೆ ತಿಂಗಳುಗಟ್ಟಲೆ ಕಾಯ್ತಾರೆ ಕೂಡ. ಅದಕ್ಕೇ ಕಿರ್ದಿಯಲ್ಲಿ ಮೊತ್ತದಷ್ಟೇ ತಾರೀಖೂ ಮುಖ್ಯ.

ಒಂಬತ್ತರ ಗುಟ್ಟು

ಅಂಗಡಿಯ ಗುಮಾಸ್ತರಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾವು ಕಾಕಾ ಅಂತಲೇ ಕರೀತಿದ್ದೆವು. ಸಂಜೆ ಲೆಕ್ಕ ಕೂಡದಿದ್ದಾಗ ಅವರು ಮೊದಲು ವ್ಯತ್ಯಾಸ ನೋಡ್ತಾರೆ. ಅದು ಒಂಬತ್ತರಿಂದ ಭಾಗ ಹೋದರೆ, "ಅಂಕಿ ತಿರುವ್ಯಾವ" ಅಂತಾರೆ. 72,000 ಬರೆಯೋ ಕಡೆ 27,000 ಬಿದ್ದರೆ ವ್ಯತ್ಯಾಸ 45,000. ಅದು 9 × 5,000.

ಯಾಕೆ ಹೀಗೆ? ಎರಡು ಅಂಕಿ ಅ ಮತ್ತು ಬ ಇರಲಿ. ಸರಿಯಾದದ್ದು 10ಅ + ಬ, ತಿರುಗಿದ್ದು 10ಬ + ಅ. ಕಳೆದರೆ 9(ಅ − ಬ). ಪಕ್ಕಪಕ್ಕದ ಯಾವ ಎರಡು ಅಂಕಿ ಅದಲುಬದಲಾದರೂ ವ್ಯತ್ಯಾಸ ಒಂಬತ್ತರ ಗುಣಕವೇ ಆಗಬೇಕು.

ಎರಡನೇ ಪರೀಕ್ಷೆ: ವ್ಯತ್ಯಾಸವನ್ನ ಅರ್ಧ ಮಾಡೋದು. 52,000ವನ್ನ ಖರ್ಚಿನ ಬದಲು ಜಮಾ ಬದಿ ಬರೆದರೆ ವ್ಯತ್ಯಾಸ 1,04,000 ಬರುತ್ತೆ. ಅದರ ಅರ್ಧ ಎಷ್ಟೋ ಅಷ್ಟೇ ಮೊತ್ತದ ನಮೂದನ್ನ ಹುಡುಕಿದರೆ ಸಾಕು.

ಕಾಕಾ ಮೇಜಿನ ಕೆಳಗಿಂದ ಒಂದು ಹಳೆಯ ಪುಸ್ತಕ ತೆಗೆದು ತೋರಿಸಿದರು. ಕನ್ನಡ ಅಂಕಿಗಳು. ನಾವು ೯ನ್ನ ೬ ಅಂತ ಓದಿ ನಗೆಪಾಟಲಾದೆವು. ರೂಪಾಯಿ, ಆಣೆ, ಪೈಗೆ ಬೇರೆಬೇರೆ ಕಾಲಂ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬರೋವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತೂಕ ಮಣ, ಶೇರು. ಸರ್ಕಾರಿ ಲೆಕ್ಕದ ಮಣಕ್ಕೆ 40 ಶೇರು. ಕ್ಯಾಲ್ಕುಲೇಟರ್ ಇಲ್ಲದೆ ಇದನ್ನ ಹೇಗೆ ಗುಣಿಸ್ತಿದ್ದರು? ನಾವು ಪೇಪರ್ ಮೇಲೆ ಹಾಕಿ ನೋಡಿದೆವು: 40ನ್ನ 16ರಿಂದ ಭಾಗಿಸಿದರೆ 2.5. ಹಾಗಾಗಿ ಮಣಕ್ಕೆ ಎಷ್ಟು ರೂಪಾಯಿಯೋ ಎರಡೂವರೆ ಶೇರಿಗೆ ಅಷ್ಟೇ ಆಣೆ. ಮಣಕ್ಕೆ 20 ರೂಪಾಯಿ ಆದರೆ ಎರಡೂವರೆ ಶೇರಿಗೆ 20 ಆಣೆ, ಐದು ಶೇರಿಗೆ 40 ಆಣೆ, ಅಂದರೆ ಎರಡೂವರೆ ರೂಪಾಯಿ. ಅರೆ ಮಗ್ಗಿ, ಕಾಲು ಮಗ್ಗಿ ಬಾಯಿಪಾಠ ಮಾಡಿದವರಿಗೆ ಇದು ನೀರು ಕುಡಿದಷ್ಟು ಸುಲಭ.

ಇಷ್ಟೆಲ್ಲ ನೋಡಿ ನಮಗೆ ಖುಷಿಯಾಯ್ತು. ಇದು ಪಕ್ಕಾ ಚೆಕ್‌ಸಮ್ ಅಲ್ವಾ! ಆದರೆ ಚೆಕ್‌ಸಮ್‌ಗೆ ಒಂದು ಮಿತಿ ಇದೆ. ತಪ್ಪಾಗಿ ಬರೆದದ್ದನ್ನ ಅದು ಹಿಡಿಯುತ್ತೆ, ಬರೆಯದೇ ಬಿಟ್ಟದ್ದನ್ನ ಹಿಡಿಯೋದಿಲ್ಲ. ಒಂದು ಚೀಲ ತೂಕಕ್ಕೇ ಬರದಿದ್ದರೆ, ಒಂದೇ ಹೆಸರಿನ ಇಬ್ಬರು ರೈತರಲ್ಲಿ ಇವರ ರೊಕ್ಕ ಅವರ ಖಾತೆಗೆ ಬಿದ್ದರೆ, ಜಮಾ-ಖರ್ಚು ಪೈಸೆ ಬಿಡದೆ ಕೂಡುತ್ತೆ. ಲೆಕ್ಕ ಸರಿ, ಸಂಗತಿ ತಪ್ಪು.

ನಮ್ಮ ಆ್ಯಪ್ ಬಿದ್ದದ್ದು ಎಲ್ಲಿ

ಮೂರನೇ ದಿನ ಆ ಖಾತೆಯ ರೈತರೇ ಅಂಗಡಿಗೆ ಬಂದರು. ಕೈಯಲ್ಲಿ ಮಡಿಚಿದ ಪಟ್ಟಿ.

"ಸಾವ್ಕಾರ್ರ, ನಾ ಒಯ್ದದ್ದು ಹದಿನೈದು ಸಾವಿರ. ನೀವು ಇಪ್ಪತ್ತು ಮುರದೀರಿ."

ನಮ್ಮ ಲ್ಯಾಪ್‌ಟಾಪ್ ತೆರೆದೇ ಇತ್ತು. ಹಿಂದಿನ ದಿನ ಇದೇ ಖಾತೆಯನ್ನ ಎಂಟ್ರಿ ಮಾಡಿದ್ದೆವು. ನಮ್ಮ ಟೇಬಲ್‌ನಲ್ಲಿ ಪ್ರತಿ ರೈತನಿಗೆ ಒಂದು ಸಾಲು, ಅದರಲ್ಲಿ ಮುಂಗಡ ಅಂತ ಒಂದು ಕಾಲಂ. ಮೊದಲು 15,000 ಹಾಕಿದ್ದೆವು. ಆಮೇಲೆ ಇನ್ನೂ 5,000 ಇದೆ ಅಂತ ಕಂಡಾಗ ಎಡಿಟ್ ಒತ್ತಿ 20,000 ಮಾಡಿದ್ದೆವು. ಈಗ ಸ್ಕ್ರೀನ್ ಮೇಲೆ 20,000 ಅಂತ ಮಾತ್ರ ಇತ್ತು. ಯಾವಾಗ, ಯಾರು, ಯಾಕೆ, ಏನೂ ಇಲ್ಲ. ನಮ್ಮಲ್ಲಿ ಒಬ್ಬ "ಸಿಸ್ಟಮ್‌ನಲ್ಲಿ ಇಪ್ಪತ್ತೇ ಇದೆ" ಅಂತ ಹೇಳಿಯೂ ಬಿಟ್ಟ. ರೈತರ ಮುಖ ನೋಡಬೇಕಿತ್ತು. ಅವರಿಗೆ ಓದೋಕಾಗದ ಒಂದು ಪೆಟ್ಟಿಗೆ, ಅದನ್ನ ಇಟ್ಟುಕೊಂಡ ನಾವು ಹೊರಗಿನ ಹುಡುಗರು, ಅವರ 5,000 ರೂಪಾಯಿ.

ಕಾಕಾ ಏನೂ ಮಾತಾಡಲಿಲ್ಲ. ಖಾತೆ ಪುಸ್ತಕ ತೆಗೆದು, ಪಕ್ಕದ ಪುಟದ ನಂಬರ್ ನೋಡಿ, ಜೂನ್‌ನ ಕಿರ್ದಿ ತೆಗೆದರು. 15,000, ಎದುರಿಗೆ ರೈತರ ಸಹಿ. ಎಂಟು ದಿನದ ನಂತರದ ಪುಟ ತಿರುವಿದರು. 5,000, "ತಮ್ಮನ ಕೈಯಾಗ" ಅಂತ ಬರೆದು ತಮ್ಮನ ಸಹಿ.

ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊರಗೆ ಹೋಗಿ ತಮ್ಮನಿಗೆ ಫೋನ್ ಮಾಡಿದರು. ಒಳಗೆ ಬಂದು, "ಹೌದರಿ, ಬೋರಿನ ಮೋಟರ್ ಸುಟ್ಟಿತ್ತಂತ. ನನಗ ಹೇಳಿದ್ದಿಲ್ಲ ಅಂವಾ" ಅಂದರು. ಚಹಾ ಬಂತು. ಜಗಳ ಆಗಲಿಲ್ಲ.

ಅವರು ಹೋದಮೇಲೆ ಕಾಕಾ ನಮ್ಮ ಕಡೆ ತಿರುಗಿದರು. "ತಮ್ಮಾ, ನಿಮ್ಮ ಕಂಪ್ಯೂಟರ್‌ನ್ಯಾಗ ಅವರ ತಮ್ಮನ ಸಹಿ ಎಲ್ಲಿ ಐತಿ? ತಿದ್ದಿದ್ದು ಎಲ್ಲಿ ಕಾಣತೈತಿ?"

ಆಮೇಲೆ ಒಂದು ತಪ್ಪು ನಮೂದನ್ನ ತೋರಿಸಿದರು. ಕಿರ್ದಿಯಲ್ಲಿ ತಪ್ಪಾದರೆ ಅಳಿಸೋ ಹಾಗಿಲ್ಲ, ಮೇಲೆ ಗೀಚಿ ಮುಚ್ಚೋ ಹಾಗೂ ಇಲ್ಲ. ಒಂದೇ ಒಂದು ಗೆರೆ ಎಳೀಬೇಕು, ಕೆಳಗಿನ ಅಂಕಿ ಓದೋ ಹಾಗಿರಬೇಕು. ಪಕ್ಕದಲ್ಲಿ ಸರಿಯಾದ ಅಂಕಿ, ತಿದ್ದಿದವರ ಸಹಿ. ಪುಟ ಹರಿಯೋದಂತೂ ಇಲ್ಲವೇ ಇಲ್ಲ, ಪುಟಗಳಿಗೆ ಮೊದಲೇ ನಂಬರ್ ಹಾಕಿರುತ್ತೆ. ತಪ್ಪು ಕೂಡ ದಾಖಲೆಯ ಭಾಗ.

ಗಿಟ್ ಬಳಸೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಹಳೆಯ ಕಮಿಟ್ ಅಳಿಸೋದು ಬೇರೆ, ಅದನ್ನ ಹಾಗೇ ಇಟ್ಟು ಅದರ ಮೇಲೆ ರಿವರ್ಟ್ ಹಾಕೋದು ಬೇರೆ. ಕಾಕಾ ಹೇಳಿದ್ದು ಎರಡನೆಯದನ್ನ. ಸರ್ಕಾರವೂ ಈಗ ಇದನ್ನೇ ಕೇಳುತ್ತೆ: 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ತಾರೀಖಿನ ಸಮೇತ ದಾಖಲಾಗಬೇಕು, ಆ ಸೌಲಭ್ಯವನ್ನ ಆಫ್ ಮಾಡೋ ಹಾಗಿರಬಾರದು.

ಅಳಿಸಬಹುದಾದ ಪುಸ್ತಕವೂ ಇತ್ತು

ಕಾಲೇಜಿಗೆ ಬಂದು ಇನ್ನೂ ಓದಿದಾಗ ಒಂದು ವಿಚಿತ್ರ ವಿಷಯ ಸಿಕ್ಕಿತು. ಕಾಗದ ಅಗ್ಗವಾಗೋ ಮೊದಲು, ಬ್ಯಾಡಗಿಗೆ ದಕ್ಷಿಣದ ಮೈಸೂರು ಸೀಮೆಯಲ್ಲಿ ವ್ಯಾಪಾರಿಗಳ ಪುಸ್ತಕದ ಹೆಸರು ಕಡತ. ಇವತ್ತು ಸರ್ಕಾರಿ ಆಫೀಸಿನಲ್ಲಿ ಫೈಲಿಗೆ ಕಡತ ಅಂತೀವಲ್ಲ, ಅದೇ ಪದ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಸೇರಿಸಿ ಎರಡೂ ಬದಿ ಬಳಿದು, ಒಣಗಿಸಿ, ಬೀಸಣಿಗೆ ಹಾಗೆ ಮಡಿಚೋದು. ಬಳಪದಿಂದ ಬರೆಯೋದು. 1810ರಲ್ಲಿ ಮಾರ್ಕ್ ವಿಲ್ಕ್ಸ್ ಅನ್ನೋ ಬ್ರಿಟಿಷ್ ಅಧಿಕಾರಿ ಇದನ್ನ ವಿವರಿಸಿದ್ದಾನೆ: ಬಟ್ಟೆಯ ಅಗಲ 8 ಇಂಚಿನಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳು ಉಳಿದಿವೆ.

ಬಳಪದಲ್ಲಿ ಬರೆದದ್ದು ಅಂದಮೇಲೆ ಸ್ಲೇಟಿನ ಹಾಗೆ ಒರೆಸಬಹುದು. ಆದರೂ ವ್ಯಾಪಾರಿಯ ಕಡತದಲ್ಲಿ ಬರೆದ ಸಾಲಪತ್ರವನ್ನ ಸಾಕ್ಷ್ಯವಾಗಿ ಒಪ್ಪಿದ್ದನ್ನ ತಾನೇ ಕಂಡಿದ್ದೇನೆ ಅಂತ ವಿಲ್ಕ್ಸ್ ಹೇಳ್ತಾನೆ. ಒರೆಸಬಹುದಾದ ಪುಸ್ತಕವನ್ನ ನಂಬಿದ್ದು ಹೇಗೆ? ಉತ್ತರ ಅವನ ಮಾತಿನಲ್ಲೇ ಇದೆ: ಆ ಪತ್ರಕ್ಕೆ ಸಾಕ್ಷಿದಾರರಿದ್ದರು. ಅಂದರೆ ನಂಬಿಕೆ ಬಟ್ಟೆಯಲ್ಲೂ ಇರಲಿಲ್ಲ, ಬಳಪದಲ್ಲೂ ಇರಲಿಲ್ಲ. ಅದನ್ನ ಬರೆದಾಗ ನೋಡಿದ ಇನ್ನೊಬ್ಬರ ಕಣ್ಣಿನಲ್ಲಿತ್ತು.

ಹಾಗಾದರೆ ಶಾಯಿ ಬಂದದ್ದು, ಕಂಪ್ಯೂಟರ್ ಬಂದದ್ದು ಅಷ್ಟು ದೊಡ್ಡ ಬದಲಾವಣೆ ಅಲ್ಲ. ಎರಡನೇ ಕಣ್ಣು ಉಳಿದಿದೆಯಾ ಅನ್ನೋದೇ ಪ್ರಶ್ನೆ. ಬ್ಯಾಡಗಿ ಅಂಗಡಿಯಲ್ಲಿ ಆ ಕಣ್ಣು ಎಂದರೆ ಕಿರ್ದಿಯಲ್ಲಿನ ಸಹಿ, ರೈತನ ಜೇಬಿನಲ್ಲಿರೋ ಪಟ್ಟಿ.

2024ರ ಮಾರ್ಚ್ 11

ಆ ಸೋಮವಾರದ ಸುದ್ದಿ ನಿಮಗೂ ನೆನಪಿರಬಹುದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಏಕಾಏಕಿ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು, ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಅದರ ಸರಿ-ತಪ್ಪು ಹೇಳೋಕೆ ನಾವು ಯಾರೂ ಅಲ್ಲ. ಬೆಲೆ ಇಳಿಯೋಕೆ ಮಾರುಕಟ್ಟೆಯಲ್ಲಿ ನೂರು ಕಾರಣ ಇರುತ್ತೆ, ಪುಸ್ತಕ ಚೆನ್ನಾಗಿ ಬರೆದರೆ ಬೆಲೆ ಏರೋದಿಲ್ಲ.

ಆದರೆ ಆ ಅಂಗಡಿಯಲ್ಲಿ ಕೂತಾಗ ನಮಗೆ ಒಂದು ವಿಷಯ ಹೊಳೆಯಿತು. ವರ್ಷದ ದುಡಿಮೆಯನ್ನ ಲಾರಿಯಲ್ಲಿ ಹೇರಿಕೊಂಡು ರಾತ್ರಿಯಿಡೀ ಬಂದವನಿಗೆ ಕೊನೆಗೆ ಸಿಗೋದು ಒಂದು ಅಂಕಿ. ಅದು ಹೇಗೆ ಬಂತು ಅಂತ ಅವನಿಗೆ ಕಾಣದಿದ್ದರೆ, ಅಂಕಿ ಸರಿಯಿದ್ದರೂ ಅವನಿಗೆ ಅದು ಮೋಸದ ಹಾಗೇ ಕಾಣುತ್ತೆ. "ಸಿಸ್ಟಮ್‌ನಲ್ಲಿ ಇಷ್ಟೇ ಇದೆ" ಅಂತ ನಾವು ಒಬ್ಬ ರೈತರಿಗೆ ಹೇಳಿದ್ದು ಒಂದೇ ಸಲ. ಅವರ ಮುಖ ಇನ್ನೂ ಮರೆತಿಲ್ಲ.

ನಾವು ಏನು ಬದಲಿಸಿದೆವು

ಆ್ಯಪ್ ಮತ್ತೆ ಬರೆದೆವು. ಮೂರೇ ನಿಯಮ.

1. ಬಾಕಿಯನ್ನ ಕಾಲಂನಲ್ಲಿ ಇಡಬಾರದು. ನಡೆದದ್ದನ್ನ ಮಾತ್ರ ಇಡಬೇಕು, ಬಾಕಿಯನ್ನ ಪ್ರತಿ ಸಲ ಅದರಿಂದ ಕೂಡಿಸಿ ತೆಗೀಬೇಕು. ಮೊದಲು ಕಿರ್ದಿ, ಅದರಿಂದ ಖಾತೆ.

2. ಎಡಿಟ್, ಡಿಲೀಟ್ ಇಲ್ಲ. ತಪ್ಪಾದರೆ ಅದನ್ನ ರದ್ದು ಮಾಡೋ ಇನ್ನೊಂದು ನಮೂದು. ಹಳೆಯದು ಗೆರೆ ಎಳೆದ ಹಾಗೆ ಕಾಣಬೇಕು, ಯಾರು ತಿದ್ದಿದರು ಅನ್ನೋದೂ ಕಾಣಬೇಕು.

3. ಪ್ರತಿ ನಮೂದಿಗೂ ರೈತನ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜ್, ಕೇಳಿದರೆ ಕಾಗದದ ಪಟ್ಟಿ. ನಮ್ಮ ಸರ್ವರ್ ಸುಟ್ಟುಹೋದರೂ ಅವನ ಹತ್ತಿರ ಅವನ ಪ್ರತಿ ಇರಬೇಕು.

ಕಾಕಾ ನೋಡಿ, "ಈಗ ಬರೋಬ್ಬರಿ ಆತು. ಆದರ ಕಿರ್ದಿನೂ ಬರೀತೀನಿ ನಾನು" ಅಂದರು. ನಾವು ಬೇಡ ಅನ್ನಲಿಲ್ಲ.

ಕೊನೆಗೆ ನಿಮಗೊಂದು ಲೆಕ್ಕ. ಒಂದು ಸಂಜೆ ಕಿರ್ದಿ ಕೂಡಿಸಿದಾಗ ಖರ್ಚಿನ ಬದಿ 5,400 ಕಡಿಮೆ ಬಂತು. ಖರ್ಚಿನ ಬದಿಯಲ್ಲಿ 2,800 ಅಂತ ಒಂದು ನಮೂದಿದೆ. ಜಮಾ ಬದಿಯಲ್ಲಿ 2,700 ಅಂತ ಒಂದಿದೆ. ಮೊದಲನೆಯದು 8,200 ಇದ್ದು ಅಂಕಿ ತಿರುಗಿರಬಹುದು. ಎರಡನೆಯದು ಖರ್ಚಿಗೆ ಹೋಗಬೇಕಾದದ್ದು ಜಮಾಕ್ಕೆ ಬಿದ್ದಿರಬಹುದು. ಎರಡೂ ಪರೀಕ್ಷೆ ಪಾಸಾಗುತ್ತವೆ. ತಪ್ಪು ಯಾವುದು?

ಪುಸ್ತಕವನ್ನ ಎಷ್ಟು ಹೊತ್ತು ನೋಡಿದರೂ ಹೇಳೋಕಾಗಲ್ಲ. ಆ ಇಬ್ಬರ ಕೈಯಲ್ಲಿರೋ ಚೀಟಿಯನ್ನ ಕೇಳಲೇಬೇಕು.